ಅಮೆರಿಕದ ಕಾಲೇಜು ಆಟಗಳಲ್ಲಿ ದೊಡ್ಡ ದಾನಿಗಳ ಮಾತು ಎಷ್ಟು ನಡೆಯಬೇಕು?

ಪೋರ್ಟ್‌ಲ್ಯಾಂಡ್ ಕನ್ನಡಿಗ

ಈ ಬಳಗದಲ್ಲಿ ಆರೆಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು ಇದ್ದೀರಿ, ಮಕ್ಕಳನ್ನು ಅಲ್ಲಿಗೆ ಕಳಿಸಿದವರೂ ಇದ್ದೀರಿ. ಫಿಲ್ ನೈಟ್ ವಿಷಯ ಬಂದರೆ ನಾವೆಲ್ಲ ಹೊಗಳಿಯೇ ಮಾತಾಡುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ನೈಕಿ ಕಂಪನಿ ಕಟ್ಟಿದ ಆ ಮನುಷ್ಯ ಅದೇ ಕಾಲೇಜಿನಲ್ಲಿ ಬಿಲ್ ಬವರ್‌ಮನ್ ಕೈಯಲ್ಲಿ ಪಳಗಿದ ಓಟಗಾರ. ಗ್ರಂಥಾಲಯಕ್ಕೆ ಕೊಟ್ಟರು, ಕಾನೂನು ಕಾಲೇಜಿಗೆ ಕೊಟ್ಟರು. ವಿಜ್ಞಾನದ ಹೊಸ ಕ್ಯಾಂಪಸ್‌ಗೆ 2016ರಲ್ಲಿ 50 ಕೋಟಿ ಡಾಲರ್, 2021ರಲ್ಲಿ ಮತ್ತೆ 50 ಕೋಟಿ. ಇಷ್ಟು ಕೈಬಿಚ್ಚಿ ಕೊಡುವವರು ಎಲ್ಲಿ ಸಿಗುತ್ತಾರೆ?

ನನ್ನನ್ನು ಕಾಡುವುದು 2000ದ ಘಟನೆ. ಆ ವರ್ಷ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ಆಡಳಿತ ಕಚೇರಿ ಇರುವ ಜಾನ್ಸನ್ ಹಾಲ್ ಮುಂದೆ ಟೆಂಟ್ ಹಾಕಿ ಕೂತರು. ಅವರು ಕೇಳಿದ್ದು ಇಷ್ಟೇ: ನಮ್ಮ ಕಾಲೇಜಿನ ಹೆಸರು ಹೊತ್ತ ಟೀ ಶರ್ಟು, ಟೋಪಿ ಹೊಲಿಯುವ ಕಾರ್ಖಾನೆಗಳ ಸ್ಥಿತಿ ನೋಡುವ ಸಂಸ್ಥೆಗೆ ಕಾಲೇಜು ಸದಸ್ಯ ಆಗಬೇಕು. ಆ ಸಂಸ್ಥೆ ವರ್ಕರ್ ರೈಟ್ಸ್ ಕನ್ಸಾರ್ಟಿಯಂ. ಅದರ ಆಡಳಿತದಲ್ಲಿ ಕಂಪನಿಗಳಿಗೆ ಜಾಗ ಇರಲಿಲ್ಲ. ನೈಕಿ ಇದ್ದದ್ದು ಇನ್ನೊಂದರಲ್ಲಿ, ಕಂಪನಿಗಳೂ ಕೂತು ಮಾತಾಡುವ ಫೇರ್ ಲೇಬರ್ ಅಸೋಸಿಯೇಷನ್‌ನಲ್ಲಿ. ವಿಶ್ವವಿದ್ಯಾಲಯದ ಅಧ್ಯಕ್ಷ ಡೇವ್ ಫ್ರೋನ್‌ಮೇಯರ್ ವಿದ್ಯಾರ್ಥಿಗಳ ಮಾತಿಗೆ ಒಪ್ಪಿದರು. ಅದೇ ತಿಂಗಳು ನೈಟ್ ಬಹಿರಂಗವಾಗಿಯೇ ಹೇಳಿದರು: ನಂಬಿಕೆ ಮುರಿಯಿತು, ಇನ್ನು ಮುಂದೆ ಈ ಕಾಲೇಜಿಗೆ ನನ್ನಿಂದ ಒಂದು ಪೈಸೆಯೂ ಇಲ್ಲ. ಆಟ್ಜನ್ ಫುಟ್‌ಬಾಲ್ ಸ್ಟೇಡಿಯಂ ದೊಡ್ಡದು ಮಾಡಲು ಬರಬೇಕಿದ್ದ ಸುಮಾರು 3 ಕೋಟಿ ಡಾಲರ್ ನಿಂತುಹೋಯಿತು.

ಮುಂದಿನ ವರ್ಷ ವಿಶ್ವವಿದ್ಯಾಲಯ ಆ ಸಂಸ್ಥೆಯಿಂದ ಹೊರಗೆ ಬಂತು. ಆಮೇಲೆ ನೈಟ್ ಕೂಡ ವಾಪಸ್ ಬಂದರು. 2002ರಲ್ಲಿ ದೊಡ್ಡ ಸ್ಟೇಡಿಯಂ ತೆರೆಯಿತು.

ಇದು ಸರ್ಕಾರಿ ವಿಶ್ವವಿದ್ಯಾಲಯ ಅನ್ನುವುದನ್ನು ಮರೆಯಬೇಡಿ. ವಿದ್ಯಾರ್ಥಿಗಳು ಕೇಳಿ, ಆಡಳಿತ ಒಪ್ಪಿ ಆದ ತೀರ್ಮಾನಕ್ಕೆ ಸ್ಟೇಡಿಯಂ ದುಡ್ಡಿನ ಬೆಲೆ ಕಟ್ಟಬೇಕಾಯಿತು. ಅವರ ದುಡ್ಡು, ಅವರಿಷ್ಟ, ಒಪ್ಪುತ್ತೇನೆ. ಆದರೆ ಒಬ್ಬರು ಮುನಿಸಿಕೊಂಡರೆ ನಿಂತುಹೋಗುವಷ್ಟು ಒಬ್ಬರನ್ನೇ ನೆಚ್ಚಿಕೊಂಡ ಮೇಲೆ ಅಲ್ಲಿ ಯಜಮಾನ ಯಾರು? ನನ್ನ ಪ್ರಶ್ನೆ ನೈಟ್ ಬಗ್ಗೆ ಅಲ್ಲ, ಕಾಲೇಜುಗಳ ಬಗ್ಗೆ.

ಇನ್ನೊಂದು ವಿಷಯ. 2007ರಲ್ಲಿ ಅಲ್ಲಿನ ಕ್ರೀಡಾ ವಿಭಾಗದ ಮುಖ್ಯಸ್ಥನ ಕುರ್ಚಿಗೆ ಬಂದವರು ಪ್ಯಾಟ್ ಕಿಲ್ಕೆನಿ. ಇನ್ಶೂರೆನ್ಸ್ ವ್ಯವಹಾರದಲ್ಲಿ ದುಡ್ಡು ಮಾಡಿದವರು, ಅದೇ ವಿಭಾಗದ ದೊಡ್ಡ ದಾನಿ. ಅವರ ಕಾಲದಲ್ಲಿ ಬೇಸ್‌ಬಾಲ್ ತಂಡ ವಾಪಸ್ ಬಂತು, ಕುಸ್ತಿ ತಂಡ ಮುಚ್ಚಿತು. ನಿಮ್ಮೆಲ್ಲರ ಅಭಿಪ್ರಾಯ ತಿಳಿಸಿ.

ಗರಡಿಮನೆ ದಾವಣಗೆರೆ

ಕುಸ್ತಿ ಮುಚ್ಚಿದರು ಅಂತ ಓದಿ ಬೇಜಾರಾಯಿತು ಸರ್. ನಮ್ಮೂರಲ್ಲಿ ಗರಡಿಗೆ ದುಡ್ಡಿಲ್ಲದಿದ್ದರೂ ಮಣ್ಣು ಹದ ಮಾಡೋಕೆ ಹುಡುಗರು ಬರುತ್ತಾರೆ. ಅಷ್ಟು ಶ್ರೀಮಂತ ಕಾಲೇಜಿಗೆ ಒಂದು ಕುಸ್ತಿ ತಂಡ ಭಾರ ಆಯಿತಾ? ಒಂದು ಮೂಲ ಪ್ರಶ್ನೆಯೂ ಇದೆ. ಓದಿಸೋ ಕಾಲೇಜಿಗೆ ಸಾವಿರಾರು ಜನ ಕೂರುವ ಸ್ಟೇಡಿಯಂ ಯಾಕೆ ಬೇಕು? ನಮ್ಮಲ್ಲಿ ಯೂನಿವರ್ಸಿಟಿ ಮ್ಯಾಚ್ ನೋಡೋಕೆ ಆಟಗಾರರ ಸ್ನೇಹಿತರು ಬಂದರೆ ಹೆಚ್ಚು.

ಆನ್ ಆರ್ಬರ್ ಮೇಷ್ಟ್ರು

ಗರಡಿಮನೆಯವರೇ, ಒಳ್ಳೇ ಪ್ರಶ್ನೆ. ಇಲ್ಲಿ ಕಾಲೇಜು ಆಟ ಹುಟ್ಟಿದ್ದೇ ಹೊರಗಿನವರ ದುಡ್ಡಿನಿಂದ. ಹಾರ್ವರ್ಡ್ ಮತ್ತು ಯೇಲ್ ನಡುವಿನ ಮೊದಲ ದೋಣಿ ಸ್ಪರ್ಧೆ 1852ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ವಿನಿಪಸಾಕಿ ಸರೋವರದಲ್ಲಿ ನಡೆಯಿತು. ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಪಂದ್ಯ ಅಂತ ಅದನ್ನೇ ಹೇಳುತ್ತಾರೆ. ಅದರ ಖರ್ಚು ಕೊಟ್ಟದ್ದು ರೈಲ್ವೆ ಕಂಪನಿ. ಜನ ರೈಲು ಹತ್ತಿ ನೋಡಲು ಬರಲಿ ಅಂತ.

1929ರಲ್ಲಿ ಕಾರ್ನೆಗಿ ಫೌಂಡೇಷನ್ ಕಾಲೇಜು ಆಟಗಳ ಬಗ್ಗೆ ದೊಡ್ಡ ವರದಿ ತಂದಿತು. ಹಳೇ ವಿದ್ಯಾರ್ಥಿಗಳು, ಊರಿನ ವ್ಯಾಪಾರಿಗಳು ಆಟಗಾರರಿಗೆ ಒಳಗಿಂದೊಳಗೆ ದುಡ್ಡು ಕೊಟ್ಟು ಸೇರಿಸುತ್ತಿದ್ದಾರೆ ಅಂತ ಅದರಲ್ಲಿ ಆಗಲೇ ಬರೆದಿದೆ. ಅಂದರೆ ಈ ಕಾಯಿಲೆಗೆ ನೂರು ವರ್ಷದ ಹತ್ತಿರ ಆಯಿತು.

ನಮ್ಮ ಮಿಶಿಗನ್‌ನಲ್ಲೂ ಆಯಿತು. ಎಡ್ ಮಾರ್ಟಿನ್ ಅನ್ನುವ ಬೂಸ್ಟರ್ (ತಂಡದ ಬೆನ್ನಿಗೆ ನಿಲ್ಲುವ ಅಭಿಮಾನಿ, ದಾನಿಗಳನ್ನು ಇಲ್ಲಿ ಹಾಗೆ ಕರೆಯುತ್ತಾರೆ) ಕ್ರಿಸ್ ವೆಬರ್ ಸೇರಿ ನಾಲ್ಕು ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ 6,16,000 ಡಾಲರ್ ಕೊಟ್ಟಿದ್ದೆ ಅಂತ ಕೋರ್ಟಿನಲ್ಲಿ ಒಪ್ಪಿಕೊಂಡರು. 1992 ಮತ್ತು 1993ರಲ್ಲಿ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ (ಫೈನಲ್ ಫೋರ್) ತಲುಪಿದ್ದಕ್ಕೆ ಹಾಕಿದ್ದ ಬ್ಯಾನರ್‌ಗಳನ್ನು ಕಾಲೇಜು ಕೆಳಗಿಳಿಸಿತು.

ಲೆಕ್ಕಪತ್ರ ನ್ಯೂಜೆರ್ಸಿ

ತೆರಿಗೆ ಕೆಲಸ ಮಾಡುವವನಾಗಿ ಒಂದು ಮಾತು ಸೇರಿಸುತ್ತೇನೆ. ಯಾಕೆಂದರೆ ಈ ಇಡೀ ವ್ಯವಸ್ಥೆಗೆ ಸರ್ಕಾರವೇ ನೀರೆರೆದಿದೆ.

ದೊಡ್ಡ ಫುಟ್‌ಬಾಲ್ ಕಾಲೇಜುಗಳಲ್ಲಿ ಒಳ್ಳೇ ಸೀಟು ಬೇಕಾದರೆ ಟಿಕೆಟ್ ದುಡ್ಡು ಮಾತ್ರ ಕೊಟ್ಟರೆ ಸಾಲದು. ಮೊದಲು ಬೂಸ್ಟರ್ ಕ್ಲಬ್‌ಗೆ ವರ್ಷ ವರ್ಷ ದಾನ ಕೊಡಬೇಕು. ಕೊಟ್ಟಷ್ಟಕ್ಕೂ ಪಾಯಿಂಟ್. ಎಷ್ಟು ವರ್ಷದಿಂದ ಕೊಡುತ್ತಿದ್ದೀರಿ ಅನ್ನುವುದಕ್ಕೂ ಪಾಯಿಂಟ್. ಆ ಪಟ್ಟಿಯಲ್ಲಿ ಮೇಲಿದ್ದವರು ಮೊದಲು ಸೀಟು ಆರಿಸುತ್ತಾರೆ, ಗೇಟಿನ ಪಕ್ಕದ ಪಾರ್ಕಿಂಗ್ ಅವರಿಗೆ, ಹೊರಊರಿನ ಪಂದ್ಯದ ಟಿಕೆಟೂ ಮೊದಲು ಅವರಿಗೆ. ನನ್ನ ಒಬ್ಬ ಕ್ಲೈಂಟ್ ಆ ಪತ್ರ ತಂದು ತೋರಿಸಿದ್ದರು. ಮೇಲ್ಗಡೆ ‘ನಿಮ್ಮ ಉದಾರ ಕೊಡುಗೆಗೆ ವಂದನೆ’, ಕೆಳಗಡೆ ಸೀಟಿನ ನಕ್ಷೆ, ಯಾವ ಬಣ್ಣದ ಬ್ಲಾಕಿಗೆ ಎಷ್ಟು ದಾನ ಅಂತ. ಅದು ದಾನವಾ, ಟಿಕೆಟಿನ ಇನ್ನೊಂದು ಕಂತಾ? ನೀವೇ ಹೇಳಿ.

ಆದರೂ 1980ರ ದಶಕದ ಕೊನೆಯಿಂದ 2017ರ ತನಕ ಅದರ ಶೇ 80 ಭಾಗವನ್ನು ದಾನ ಅಂತಲೇ ತೋರಿಸಿ ತೆರಿಗೆ ಉಳಿಸಬಹುದಿತ್ತು. 2017ರ ಕೊನೆಯಲ್ಲಿ ಬಂದ ತೆರಿಗೆ ಕಾನೂನು ಅದನ್ನು ತೆಗೆಯಿತು. ಆ ಡಿಸೆಂಬರ್‌ನಲ್ಲಿ ಎಷ್ಟೋ ಕಾಲೇಜುಗಳು ತಮ್ಮ ದಾನಿಗಳಿಗೆ ‘ಮುಂದಿನ ವರ್ಷಗಳದ್ದನ್ನೂ ಈಗಲೇ ಕೊಟ್ಟುಬಿಡಿ’ ಅಂತ ಬರೆದವು. ಮ್ಯಾಚ್‌ಗೆ ಕಾಲಿಡದ ಸಾಮಾನ್ಯ ಜನರೂ ಇಷ್ಟು ವರ್ಷ ಆ ಸೀಟುಗಳಿಗೆ ತಮ್ಮ ಪಾಲು ಕೊಟ್ಟಂತೆಯೇ ಆಯಿತು. ಇದು ನನಗೆ ತೀರಾ ಅನ್ಯಾಯ ಅನಿಸುತ್ತದೆ.

ಡಾಲಸ್ ವಾಸಿ

ಎಲ್ಲರೂ ದಾನಿಗಳನ್ನೇ ಬೈತಾ ಇದ್ದೀರಿ. ನಮ್ಮೂರಿನ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ ಕಥೆ ಹೇಳುತ್ತೇನೆ, ಎರಡೂ ಮುಖ ಕಾಣುತ್ತದೆ.

1980ರ ದಶಕದಲ್ಲಿ ಅಲ್ಲಿ ಬೂಸ್ಟರ್‌ಗಳು ಆಟಗಾರರಿಗೆ ನಿಯಮ ಮೀರಿ ತಿಂಗಳು ತಿಂಗಳು ಕೈಗೆ ಕಾಸು ಕೊಡುತ್ತಿದ್ದರು. ಸಿಕ್ಕಿಬಿದ್ದರು, ಶಿಕ್ಷೆ ಆಯಿತು, ನಿಲ್ಲಿಸುತ್ತೇವೆ ಅಂದರು, ನಿಲ್ಲಿಸಲಿಲ್ಲ. 1987ರಲ್ಲಿ ಕಾಲೇಜು ಆಟಗಳನ್ನು ನಿಯಂತ್ರಿಸುವ ಎನ್‌ಸಿಎಎ ಇಡೀ ವರ್ಷದ ಫುಟ್‌ಬಾಲನ್ನೇ ರದ್ದು ಮಾಡಿತು. 1988ರಲ್ಲಿ ಕಾಲೇಜು ತಾನೇ ಆಡಲಿಲ್ಲ. ಆಮೇಲೆ ಗೊತ್ತಾಗಿದ್ದು ಏನೆಂದರೆ, ಆ ಪಾವತಿ ಮುಂದುವರಿಯಲಿ ಅಂತ ಒಪ್ಪಿಗೆ ಕೊಟ್ಟವರಲ್ಲಿ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರೂ ಇದ್ದರು. ಅವರೇ ಬಿಲ್ ಕ್ಲೆಮೆಂಟ್ಸ್. ಅದನ್ನು ಅವರು ಒಪ್ಪಿಕೊಂಡಾಗ ಟೆಕ್ಸಾಸ್ ಗವರ್ನರ್ ಆಗಿದ್ದರು. ಆಟಗಾರರಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಅವರು ಬಾಯಿ ಬಿಡಬಾರದು, ಅದಕ್ಕೇ ಪಾವತಿ ನಿಲ್ಲಿಸಲಿಲ್ಲ.

ಈಗ 2023ಕ್ಕೆ ಬನ್ನಿ. ಅದೇ ಕಾಲೇಜು ಎಸಿಸಿ ಅನ್ನುವ ದೊಡ್ಡ ಲೀಗಿಗೆ ಸೇರುವುದು ತೀರ್ಮಾನವಾಯಿತು. ಸೇರುವ ಷರತ್ತು ಏನು ಗೊತ್ತಾ? ಒಂಬತ್ತು ವರ್ಷ ಲೀಗಿನ ಟಿವಿ ದುಡ್ಡಿನಲ್ಲಿ ಪಾಲು ಇಲ್ಲ. ಆ ಕೊರತೆ ತುಂಬಲು ದಾನಿಗಳು ಒಂದೇ ವಾರದಲ್ಲಿ 10 ಕೋಟಿ ಡಾಲರ್ ಒಟ್ಟು ಮಾಡಿದರು. ಕದ್ದು ಕೊಟ್ಟಿದ್ದಲ್ಲ, ಎಲ್ಲರಿಗೂ ತಿಳಿಸಿಯೇ ಕೊಟ್ಟದ್ದು. ಮೂವತ್ತೈದು ವರ್ಷ ಮೂಲೆಯಲ್ಲಿ ಕೂತ ಕಾಲೇಜನ್ನು ಮೇಲೆತ್ತಿದ್ದು ಅವರೇ. ಸರ್ಕಾರ ಮಾಡುತ್ತಿತ್ತಾ? ಪ್ರೊಫೆಸರ್‌ಗಳು ಮಾಡುತ್ತಿದ್ದರಾ?

ಹಂಟ್ಸ್‌ವಿಲ್ ಅಕ್ಕ

ಡಾಲಸ್ ಅವರೇ, ಕೊಡುವುದು ಬೇರೆ, ಕೊಟ್ಟಿದ್ದೇನೆ ಅಂತ ಮೂಗು ತೂರಿಸುವುದು ಬೇರೆ. ನಮ್ಮ ಅಲಬಾಮದಲ್ಲಿ ಆಬರ್ನ್ ಯೂನಿವರ್ಸಿಟಿಯ ವಿಮಾನದ ಕಥೆ ಚಿಕ್ಕ ಮಕ್ಕಳಿಗೂ ಗೊತ್ತು.

ಬಾಬಿ ಲೌಡರ್ ಅಂತ ಬ್ಯಾಂಕ್ ಮಾಲೀಕರು. ಬಹಳ ವರ್ಷ ಆಬರ್ನ್ ಟ್ರಸ್ಟಿ, ಫುಟ್‌ಬಾಲ್‌ಗೆ ಧಾರಾಳವಾಗಿ ಕೊಟ್ಟವರು. 2003ರ ನವೆಂಬರ್‌ನಲ್ಲಿ, ಅಲಬಾಮ ವಿರುದ್ಧದ ದೊಡ್ಡ ಮ್ಯಾಚ್‌ಗೆ ಎರಡು ದಿನ ಮುಂಚೆ, ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ವಾಕರ್, ಕ್ರೀಡಾ ಮುಖ್ಯಸ್ಥ ಡೇವಿಡ್ ಹೌಸೆಲ್, ಇಬ್ಬರು ಟ್ರಸ್ಟಿಗಳು ಲೌಡರ್ ಅವರ ಬ್ಯಾಂಕಿನ ವಿಮಾನ ಹತ್ತಿ ಇಂಡಿಯಾನಾ ರಾಜ್ಯದ ಸೆಲ್ಲರ್ಸ್‌ಬರ್ಗ್ ಅನ್ನುವ ಸಣ್ಣ ಊರಿಗೆ ಹೋದರು. ಅಲ್ಲಿ ಲೂಯಿವಿಲ್ ವಿಶ್ವವಿದ್ಯಾಲಯದ ಕೋಚ್ ಬಾಬಿ ಪೆಟ್ರಿನೊ ಜೊತೆ, ಆಬರ್ನ್ ಕೋಚ್ ಕೆಲಸ ಕೊಡುವ ಬಗ್ಗೆ ಗುಟ್ಟಾಗಿ ಮಾತುಕತೆ. ತಮ್ಮ ಕೋಚ್ ಟಾಮಿ ಟ್ಯೂಬರ್‌ವಿಲ್‌ಗೆ ಸುಳಿವೇ ಇಲ್ಲ. ಅವರು ಆ ಹೊತ್ತಿಗೆ ಅಲಬಾಮ ಮ್ಯಾಚ್‌ಗೆ ತಂಡ ತಯಾರು ಮಾಡುತ್ತಿದ್ದರು. ಮ್ಯಾಚ್ ಗೆದ್ದರು ಕೂಡ!

ಸುದ್ದಿ ಪತ್ರಿಕೆಗೆ ಬಂತು. ಜನ ತಿರುಗಿಬಿದ್ದರು. ಟ್ಯೂಬರ್‌ವಿಲ್ ಉಳಿದರು, ಅಧ್ಯಕ್ಷರು ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಅದಕ್ಕಿಂತ ಗಂಭೀರವಾದದ್ದು: ಕಾಲೇಜಿಗೆ ಮಾನ್ಯತೆ ಕೊಡುವ ಸಂಸ್ಥೆ ಆ ಡಿಸೆಂಬರ್‌ನಲ್ಲಿ ಆಬರ್ನ್ ಅನ್ನು ಪ್ರೊಬೇಷನ್ ಮೇಲೆ, ಅಂದರೆ ತಿದ್ದಿಕೊಳ್ಳದಿದ್ದರೆ ಮಾನ್ಯತೆ ಹೋಗಬಹುದು ಅನ್ನುವ ಎಚ್ಚರಿಕೆಯ ಮೇಲೆ ಹಾಕಿತು. ಟ್ರಸ್ಟಿಗಳ ಆಡಳಿತದ ರೀತಿ, ಆಟದ ವಿಭಾಗದಲ್ಲಿ ಅವರ ಕೈವಾಡ, ಇವೆಲ್ಲ ಅದರಲ್ಲಿ ಬಂತು. ಎಂಜಿನಿಯರಿಂಗ್ ಓದೋ ಮಕ್ಕಳ, ಪಶುವೈದ್ಯಕೀಯ ಓದೋ ಮಕ್ಕಳ ಡಿಗ್ರಿಯ ಬೆಲೆಗೇ ಕುತ್ತು. ಅವರು ಯಾವ ತಪ್ಪು ಮಾಡಿದ್ದರು?

ಮುಂದಿನ ಸೀಸನ್ ಟ್ಯೂಬರ್‌ವಿಲ್ ತಂಡ ಆಡಿದ 13 ಮ್ಯಾಚೂ ಗೆದ್ದಿತು. ಆಟದ ವಿಷಯದಲ್ಲಿ ದುಡ್ಡಿದ್ದವರ ಲೆಕ್ಕವೇ ಸರಿ ಅನ್ನೋರು ಇದನ್ನು ನೆನಪಿಟ್ಟುಕೊಳ್ಳಬೇಕು.

ಪೋರ್ಟ್‌ಲ್ಯಾಂಡ್ ಕನ್ನಡಿಗ

ಅಕ್ಕ, ವಿವರವಾಗಿ ಬರೆದದ್ದಕ್ಕೆ ಥ್ಯಾಂಕ್ಸ್. ಇದೇ ಥರದ್ದು ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲೂ ಆಗಿದೆ. ಅಲ್ಲಿ ಫುಟ್‌ಬಾಲ್ ಕಟ್ಟಡಕ್ಕೆ ಹೆಸರು ಹಾಕಿಸಿಕೊಂಡಿದ್ದ ರಾಬರ್ಟ್ ಬರ್ಟನ್ 2011ರ ಜನವರಿಯಲ್ಲಿ ಪತ್ರ ಬರೆದರು. ಹೊಸ ಕೋಚ್ ನೇಮಕದಲ್ಲಿ ನನ್ನ ಮಾತು ಕೇಳಲಿಲ್ಲ, 30 ಲಕ್ಷ ಡಾಲರ್ ವಾಪಸ್ ಕೊಡಿ, ಕಟ್ಟಡದ ಮೇಲಿನ ನಮ್ಮ ಮನೆತನದ ಹೆಸರು ತೆಗೆಯಿರಿ ಅಂತ. ಆಮೇಲೆ ರಾಜಿ ಆಯಿತು, ಹೆಸರು ಉಳಿಯಿತು. ಉಳಿದ ಎಷ್ಟೋ ಕಡೆ ಇಂಥದ್ದು ಫೋನಿನಲ್ಲೇ ಮುಗಿಯುತ್ತದೆ ಅನ್ನುವುದು ನನ್ನ ಅನುಮಾನ. ಇವರು ಕಾಗದದ ಮೇಲೆ ಬರೆದರು, ನಮಗೆ ಗೊತ್ತಾಯಿತು.

ಟಲ್ಸಾ ಕನ್ನಡತಿ

ಒಕ್ಲಹೋಮ ಸ್ಟೇಟ್ ಯೂನಿವರ್ಸಿಟಿ ವಿಷಯ ಯಾರೂ ಎತ್ತಲಿಲ್ಲ. ಎಣ್ಣೆ ವ್ಯವಹಾರದ ಟಿ. ಬೂನ್ ಪಿಕೆನ್ಸ್ 2005ರ ಕೊನೆಯಲ್ಲಿ ಕ್ರೀಡಾ ವಿಭಾಗಕ್ಕೆ ಒಂದೇ ಸಲ 16.5 ಕೋಟಿ ಡಾಲರ್ ಕೊಟ್ಟರು. ಕಾಲೇಜು ಆಟಕ್ಕೆ ಅಲ್ಲಿವರೆಗೆ ಅಷ್ಟು ದೊಡ್ಡ ದಾನ ಯಾರೂ ಕೊಟ್ಟಿರಲಿಲ್ಲ. ಕೊಟ್ಟ ದುಡ್ಡು ಕಾಲೇಜಿನ ಖಾತೆಯಲ್ಲಿ ಒಂದು ದಿನವೂ ನಿಲ್ಲಲಿಲ್ಲ. ನೇರ ಪಿಕೆನ್ಸ್ ಅವರದೇ ಹೆಡ್ಜ್ ಫಂಡ್‌ಗೆ ಹೂಡಿಕೆಯಾಗಿ ಹೋಯಿತು. ಮೊದಲು ಚೆನ್ನಾಗಿ ಬೆಳೆಯಿತು. 2008ರಲ್ಲಿ ಮಾರುಕಟ್ಟೆ ಬಿದ್ದಾಗ ಕರಗಿತು, ಕಟ್ಟಬೇಕೆಂದಿದ್ದ ಕೆಲವು ಕಟ್ಟಡಗಳು ಅಲ್ಲಿಗೇ ನಿಂತವು.

ಇನ್ನೊಂದು ಯೋಜನೆ ಕೇಳಿದರೆ ಮನಸ್ಸಿಗೆ ಹಿಂಸೆ ಆಗುತ್ತದೆ. ಅರವತ್ತೈದು ದಾಟಿದ ಕೆಲವು ಬೂಸ್ಟರ್‌ಗಳ ಹೆಸರಲ್ಲಿ ತಲಾ 1 ಕೋಟಿ ಡಾಲರ್ ಜೀವ ವಿಮೆ ಮಾಡಿಸಿದರು. ಅವರು ತೀರಿಕೊಂಡಾಗ ದುಡ್ಡು ಕ್ರೀಡಾ ವಿಭಾಗಕ್ಕೆ. ಎರಡು ವರ್ಷದ ಪ್ರೀಮಿಯಂ ಸುಮಾರು 3.3 ಕೋಟಿ ಕಟ್ಟಿದರು. ಆಮೇಲೆ ಲೆಕ್ಕ ಸರಿಹೋಗಲ್ಲ ಅಂತ ಕೈಬಿಟ್ಟು ಕೋರ್ಟಿಗೆ ಹೋದರು, ಸೋತರು. ವಿಮೆ ಮಾಡಿಸಿಕೊಂಡವರಲ್ಲಿ ಯಾರೂ ಅಷ್ಟರಲ್ಲಿ ಸತ್ತಿರಲಿಲ್ಲ. ಮನುಷ್ಯರು ಬದುಕಿದ್ದರೆ ನಷ್ಟ ಅನ್ನೋ ಲೆಕ್ಕವನ್ನು ಒಂದು ವಿಶ್ವವಿದ್ಯಾಲಯ ಹಾಕಬಹುದಾ?

ಪಿಕೆನ್ಸ್ ಓದಿನ ಕಡೆಗೂ ತುಂಬಾ ಕೊಟ್ಟಿದ್ದಾರೆ, ಅದನ್ನೂ ಹೇಳಬೇಕು. ಊರಿನವರಿಗೆ ಅವರ ಮೇಲೆ ನಿಜವಾದ ಪ್ರೀತಿ ಇದೆ.

ಬೇ ಏರಿಯಾ ಅಮ್ಮ

ಎಲ್ಲರ ಮಾತೂ ಓದಿದೆ. ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಮ್ಮ ಮಗಳು ಈಜುಗಾರ್ತಿ, ಹನ್ನೊಂದನೇ ಕ್ಲಾಸು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಪೂಲ್‌ಗೆ ಬಿಡೋದು ನಮ್ಮ ಮನೆಯ ದಿನಚರಿ. ಟಿವಿಯಲ್ಲಿ ಬರದ ಇಂಥ ಆಟಗಳಿಗೆ ದಾನಿಗಳೇ ದಿಕ್ಕು.

ಇಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2010ರ ಸೆಪ್ಟೆಂಬರ್‌ನಲ್ಲಿ ಐದು ತಂಡಗಳನ್ನು ಕೈಬಿಡುತ್ತೇವೆ ಅಂದರು, ಬೇಸ್‌ಬಾಲ್ ಸೇರಿ. ಹಳೇ ಆಟಗಾರರು, ಅಪ್ಪ ಅಮ್ಮಂದಿರು ಮನೆ ಮನೆಗೆ ಫೋನ್ ಮಾಡಿ ಸುಮಾರು 1 ಕೋಟಿ ಡಾಲರ್ ಕೂಡಿಸಿದರು. 2011ರ ಏಪ್ರಿಲ್‌ನಲ್ಲಿ ಬೇಸ್‌ಬಾಲ್ ತಂಡ ಉಳಿಯಿತು. ಅದೇ ತಂಡ ಜೂನ್‌ನಲ್ಲಿ ರಾಷ್ಟ್ರೀಯ ಟೂರ್ನಿಯ ಕೊನೆಯ ಹಂತವಾದ ಕಾಲೇಜ್ ವರ್ಲ್ಡ್ ಸೀರೀಸ್ ತಲುಪಿತು. ಸ್ಟ್ಯಾನ್‌ಫರ್ಡ್ 2020ರ ಜುಲೈನಲ್ಲಿ 11 ಆಟ ನಿಲ್ಲಿಸುತ್ತೇವೆ ಅಂದಿತು. ಹಳೇ ವಿದ್ಯಾರ್ಥಿಗಳು ಪಟ್ಟು ಹಿಡಿದು ಮುಂದಿನ ಮೇನಲ್ಲಿ ವಾಪಸ್ ತರಿಸಿದರು.

ಗರಡಿಮನೆ ಅಣ್ಣ, ನಿಮಗಾಗಿ ಇದು: ಆ ಹನ್ನೊಂದರಲ್ಲಿ ಕುಸ್ತಿಯೂ ಇತ್ತು. 2021ರ ಮಾರ್ಚ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಶೇನ್ ಗ್ರಿಫಿತ್ ರಾಷ್ಟ್ರೀಯ ಚಾಂಪಿಯನ್ ಆದರು. ಮೈಮೇಲೆ ಕಾಲೇಜಿನ ಹೆಸರಿಲ್ಲದ ಬರೀ ಕಪ್ಪು ಉಡುಪು ಹಾಕಿ ಕುಸ್ತಿ ಆಡಿದರು. ಎರಡು ತಿಂಗಳಲ್ಲಿ ತಂಡ ಉಳಿಯಿತು.

ಗರಡಿಮನೆ ದಾವಣಗೆರೆ

ಮೇಡಂ, ಇದನ್ನು ಓದಿ ಮೈ ಜುಂ ಅಂತು. ಆ ಮ್ಯಾಚಿನ ವಿಡಿಯೋ ನಮ್ಮ ಹುಡುಗರಿಗೆ ತೋರಿಸುತ್ತೇನೆ.

ಆಸ್ಟಿನ್ ಹುಡುಗ

ಹಿರಿಯರು ಬೂಸ್ಟರ್ ಕಾಲದ ಕಥೆ ಹೇಳುತ್ತಿದ್ದೀರಿ. ಈಗ ಆಟವೇ ಬದಲಾಗಿದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಸಂಪಾದನೆ ಮಾಡಬಹುದು. ಇದಕ್ಕೆ ಎನ್‌ಐಎಲ್ ಅಂತಾರೆ. ದಾನಿಗಳು ಸೇರಿ ‘ಕಲೆಕ್ಟಿವ್’ ಅಂತ ಗುಂಪು ಕಟ್ಟಿ ಆಟಗಾರರಿಗೇ ಕೊಡುತ್ತಿದ್ದಾರೆ. ಟೆಕ್ಸಾಸ್ ಟೆಕ್ ಸಾಫ್ಟ್‌ಬಾಲ್ ತಂಡಕ್ಕೆ ನಿಜಾರಿ ಕ್ಯಾನಡಿ 2024ರಲ್ಲಿ ಬಂದಾಗ ಸಿಕ್ಕಿದ್ದು 10 ಲಕ್ಷ ಡಾಲರ್‌ಗಿಂತ ಜಾಸ್ತಿ. ಮುಂದಿನ ವರ್ಷ ಆ ತಂಡ ಫೈನಲ್ ತಲುಪಿತು. ಅದರ ಹಿಂದಿದ್ದ ಕೋಡಿ ಕ್ಯಾಂಪ್‌ಬೆಲ್ ಅದೇ ಕಾಲೇಜಿಗೆ ಫುಟ್‌ಬಾಲ್ ಆಡಿದವರು, ಎಣ್ಣೆ ವ್ಯವಹಾರದವರು. ಮಿಶಿಗನ್‌ಗೆ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಅಂಡರ್‌ವುಡ್ ಬಂದಾಗ ಒರಾಕಲ್‌ನ ಲ್ಯಾರಿ ಎಲಿಸನ್ ಹೆಸರು ಕೇಳಿಬಂತು. ಅವರು ಮಿಶಿಗನ್‌ನಲ್ಲಿ ಓದಿದವರೂ ಅಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಇದು ಮೊದಲಿಗಿಂತ ಮೇಲು. ಮುಂಚೆ ಅಮೃತಶಿಲೆಯ ಲಾಕರ್ ರೂಮಿಗೆ, ಕೋಚ್ ಮನೆಗೆ ಕಳಿಸೋದಕ್ಕೆ ಸುರಿಯುತ್ತಿದ್ದರು. ಟೆಕ್ಸಾಸ್ ಎ ಅಂಡ್ ಎಂ 2023ರ ನವೆಂಬರ್‌ನಲ್ಲಿ ಫುಟ್‌ಬಾಲ್ ಕೋಚ್ ಜಿಂಬೊ ಫಿಶರ್‌ನ ಕೆಲಸದಿಂದ ತೆಗೆದಾಗ ಒಪ್ಪಂದದ ಬಾಕಿ ಸುಮಾರು 7.6 ಕೋಟಿ ಡಾಲರ್. ಕೋಚಿಂಗ್ ಮಾಡದಿರೋಕೆ! ಮೈದಾನದಲ್ಲಿ ಮೂಳೆ ಮುರಿಸಿಕೊಳ್ಳೋ ಹುಡುಗನಿಗೆ ಅದರಲ್ಲಿ ಪಾಲು ಸಿಕ್ಕರೆ ಯಾರಿಗೆ ನೋವು?

ಪೋರ್ಟ್‌ಲ್ಯಾಂಡ್ ಕನ್ನಡಿಗ

ಆಟಗಾರರಿಗೆ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಮ್ಮನವರ ಉದಾಹರಣೆಗೂ ನಿಮ್ಮದಕ್ಕೂ ಇರುವ ವ್ಯತ್ಯಾಸ ನೋಡಿ. ಬರ್ಕ್ಲಿ ಬೇಸ್‌ಬಾಲ್ ಉಳಿಸಿದವರು ನೂರಾರು ಜನ. ಅವರಲ್ಲಿ ಯಾರೊಬ್ಬರು ಮುನಿಸಿಕೊಂಡರೂ ತಂಡ ನಿಲ್ಲುತ್ತಿರಲಿಲ್ಲ. ನಾನು ಕಾಲೇಜುಗಳಿಂದ ಬಯಸುವುದು ಅಷ್ಟೇ. ಕ್ರೀಡಾ ವಿಭಾಗದ ವರಮಾನದಲ್ಲಿ ಒಬ್ಬ ದಾನಿಯ ಪಾಲು ಎಷ್ಟು ಅಂತ ಪ್ರತಿ ವರ್ಷ ಪ್ರಕಟಿಸಲಿ. ಕೊಟ್ಟಾಗ ಬರೆದುಕೊಂಡ ಷರತ್ತುಗಳನ್ನೂ ಪ್ರಕಟಿಸಲಿ. ದೊಡ್ಡ ದಾನಿಗೆ ಆಡಳಿತ ಮಂಡಳಿಯ ಕುರ್ಚಿ ಬೇಕಾದರೆ ಕೋಚ್ ನೇಮಕದ ಚರ್ಚೆಯಿಂದ ಎದ್ದು ಹೊರಗೆ ಹೋಗಲಿ.

ಡಾಲಸ್ ವಾಸಿ

ಅಷ್ಟೆಲ್ಲ ಹಾಕಿದರೆ ಕೊಡೋರು ಬೇರೆ ಕಾಲೇಜಿಗೆ ಹೋಗುತ್ತಾರೆ ಸರ್. ಎಲ್ಲ ಕಾಲೇಜೂ ಒಟ್ಟಿಗೆ ಒಪ್ಪಬೇಕು, ಅದು ಆಗೋ ಮಾತಾ? ನಾನಂತೂ ನಂಬಲ್ಲ.

ಬೇ ಏರಿಯಾ ಅಮ್ಮ

ಚರ್ಚೆ ಮುಂದುವರಿಯಲಿ. ನನಗೆ ಒಂದು ಸಹಾಯ ಬೇಕು. ಮಗಳಿಗೆ ಎರಡು ಕಾಲೇಜಿನ ಈಜು ಕೋಚ್‌ಗಳು ಇಮೇಲ್ ಮಾಡಿದ್ದಾರೆ. ಈ ಹೊಸ ಪರಿಸ್ಥಿತಿಯಲ್ಲಿ ತಂಡ ನಾಲ್ಕು ವರ್ಷ ಉಳಿಯುತ್ತಾ ಅಂತ ತಿಳಿಯೋದು ಹೇಗೆ?

ಆನ್ ಆರ್ಬರ್ ಮೇಷ್ಟ್ರು

ಅಮ್ಮ, ನಿಮ್ಮ ಆತಂಕ ಸರಿಯಾದದ್ದೇ. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಪ್ರಕರಣದ ಒಪ್ಪಂದಕ್ಕೆ ಅನುಮತಿ ಕೊಟ್ಟರು. ಅದರ ಪ್ರಕಾರ 2025-26ರಲ್ಲಿ ಒಂದು ಕಾಲೇಜು ಆಟಗಾರರಿಗೆ ನೇರವಾಗಿ 2.05 ಕೋಟಿ ಡಾಲರ್ ತನಕ ಕೊಡಬಹುದು. ಹೆಚ್ಚಿನದು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ ಹೋಗುತ್ತದೆ. ಆ ದುಡ್ಡು ಎಲ್ಲಿಂದಲೋ ಬರಬೇಕಲ್ಲ, ಸಣ್ಣ ಆಟಗಳ ಮೇಲೆ ಕಣ್ಣು ಬೀಳುತ್ತದೆ. ನಿಮ್ಮ ರಾಜ್ಯದಲ್ಲೇ ಕ್ಯಾಲ್ ಪಾಲಿ 2025ರ ಮಾರ್ಚ್‌ನಲ್ಲಿ ಈಜು ತಂಡ ಕೈಬಿಟ್ಟಿತು. ಉಳಿಸಿಕೊಳ್ಳಬೇಕಾದರೆ 2 ಕೋಟಿ ಡಾಲರ್ ತನ್ನಿ ಅಂದರು. ಬರ್ಕ್ಲಿಯವರಂತೆ ಇವರೂ ಓಡಾಡಿದರು, ಅಷ್ಟು ಕೂಡಲಿಲ್ಲ.

ಕೋಚ್ ಹತ್ತಿರ ನೇರವಾಗಿ ಕೇಳಿ: ನಿಮ್ಮ ಹುದ್ದೆಗೆ, ಸ್ಕಾಲರ್‌ಶಿಪ್‌ಗಳಿಗೆ ಶಾಶ್ವತ ನಿಧಿ ಇದೆಯಾ, ಇಲ್ಲಾ ವರ್ಷ ವರ್ಷ ದಾನ ಎತ್ತುತ್ತೀರಾ? ನಿಧಿ ಇದ್ದರೆ ಅದು ತಂಡದ ಹೆಸರಲ್ಲೇ ಇದೆಯಾ, ಅಥವಾ ಕ್ರೀಡಾ ವಿಭಾಗ ಬೇರೆಡೆಗೆ ತಿರುಗಿಸಬಹುದಾ? ಹೊಸ ನಿಯಮದಲ್ಲಿ ತಂಡಕ್ಕೆ ಎಷ್ಟು ಜನ ಅನ್ನುವ ಮಿತಿ ಬಂದಿದೆ, ಮಗಳು ಆ ಮಿತಿಯೊಳಗೆ ಬರುತ್ತಾಳಾ ಅಂತಲೂ ಕೇಳಿ. ಕೇಂದ್ರ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲಿ ಪ್ರತಿ ಕಾಲೇಜಿನ ಪ್ರತಿ ತಂಡದ ಖರ್ಚು ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಮೂರು ನಾಲ್ಕು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ, ಈಜಿನ ಖರ್ಚು ಇಳಿಯುತ್ತಿದ್ದರೆ ಹುಷಾರು. ಕೊನೆಯದಾಗಿ, ಆಟವೇ ಇಲ್ಲದಿದ್ದರೂ ಓದಲು ಇಷ್ಟಪಡುವ ಕಾಲೇಜನ್ನೇ ಆರಿಸಲಿ.

ಬೇ ಏರಿಯಾ ಅಮ್ಮ

ತುಂಬಾ ಥ್ಯಾಂಕ್ಸ್ ಮೇಷ್ಟ್ರೇ. ಗುರುವಾರ ಒಬ್ಬ ಕೋಚ್ ಜೊತೆ ಕಾಲ್ ಇದೆ. ಎಲ್ಲವನ್ನೂ ಬರೆದುಕೊಂಡಿದ್ದೇನೆ, ಮಗಳ ಕೈಯಲ್ಲೇ ಕೇಳಿಸುತ್ತೇನೆ. ನಿಧಿಯ ಬಗ್ಗೆ ಏನು ಹೇಳುತ್ತಾರೆ ಅಂತ ಇಲ್ಲೇ ಬಂದು ಬರೆಯುತ್ತೇನೆ. ಈ ಬಳಗದಲ್ಲಿ ಮಕ್ಕಳು ಈಜು, ಟೆನಿಸ್, ಟ್ರ್ಯಾಕ್ ಅಂತ ಕಾಲೇಜಿಗೆ ಹೊರಟವರು ಇನ್ನೂ ಇದ್ದರೆ ದಯವಿಟ್ಟು ನಿಮಗೆ ಸಿಕ್ಕ ಉತ್ತರಗಳನ್ನೂ ಹಾಕಿ.